ಯಾವೂರು ಎಂದು ಕೇಳಿದ ತಪ್ಪಿಗೆ

ಡಿಸೆಂಬರ್ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ: ರಾಯಚೂರಿನ ಹೊರವಲಯ, ಅರಳೆ ಜಿನ್ನಿನ ಹಿಂದಿನ ಜೋಪಡಿ ಸಾಲು, ಬೇವಿನ ಗಿಡದ ಕೆಳಗೆ. ಹಾಜರಿದ್ದವರು: ಮತದಾರರ ಪಟ್ಟಿಯ ಗಣತಿದಾರನಾದ ನಾನು, ತಹಸೀಲು ಕಚೇರಿಯ ಚುನಾವಣಾ ಶಿರಸ್ತೇದಾರರು, ಜೋಪಡಿಯವರ ಮೇಸ್ತ್ರಿಯೂ ಸೇರಿ ಅರವತ್ತೆಂಟು ಮಂದಿ ಅರ್ಜಿದಾರರು. ಅವರಿಂದ ಹತ್ತು ಮಾರು ದೂರದಲ್ಲಿ, ಬೆನ್ನು ತಿರುಗಿಸಿ ಕುಳಿತ ಒಬ್ಬ ಹೆಂಗಸು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರದ ಚಿಮಣಿ ಇನ್ನೂ ಏಳುತ್ತಿತ್ತು. ಅಂದು ಸಂಜೆ ಐದಕ್ಕೆ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಗಳ ಅವಧಿ ಮುಗಿಯುತ್ತಿತ್ತು. ಆ ಅರವತ್ತೆಂಟು ಮಂದಿ ಪಟ್ಟಿಯಲ್ಲಿ ಇಲ್ಲದಿರಲು ಕಾರಣ ನಾನು.

ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಶಾಲೆಯಲ್ಲಿ ಗಂಟೆ ಬಾರಿಸುವುದು ಒಂದು ನಿಮಿಷ ತಡವಾದರೂ ಸಹಿಸಿದವನಲ್ಲ. ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ನನ್ನ ಪಾಲಿಗೆ ಬಂದ ಭಾಗವನ್ನು ಸತತವಾಗಿ ನಾಲ್ಕು ಸಲ ಬರೆದಿದ್ದೆ. ಹಳೆಯ ಪಟ್ಟಿಗಳ ಪ್ರತಿಗಳನ್ನು ದಾರ ಹಾಕಿ ಹೊಲಿದು ಇಟ್ಟುಕೊಂಡಿದ್ದೆ. ನನಗೆ ಹಿಂದಿನವರಿಂದ ಬಂದ ಮೊದಲ ಪ್ರತಿಯಲ್ಲಿ ಆ ಭಾಗ ಬರೀ ಹೊಲ. ಕೆಲವು ಕುರಿಗಾರರ ಮನೆಗಳು, ಹೆಂಗಸರಿಗೆ ಸ್ವಂತ ಹೆಸರಿಲ್ಲದೆ 'ಸಾಬಣ್ಣನ ಹೆಂಡತಿ', 'ಭೀಮಣ್ಣನ ತಾಯಿ'. ನಾನು ಬರೆದ ಮೊದಲ ಪಟ್ಟಿಯಲ್ಲಿ ರೈಲ್ವೆ ಕ್ವಾರ್ಟರ್ಸ್ ಬಂತು, ಅದರೊಂದಿಗೆ ತೆಲುಗು ಮಾತಾಡುವ ಗ್ಯಾಂಗ್‌ಮನ್‌ಗಳು. ಆಮೇಲೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಬಂತು, ಜಿನ್ನಿಗೆ ಹತ್ತಿ ಹೊರುವ ಬಂಡಿಗಳ ಮುಸಲ್ಮಾನ ಮನೆಗಳು ಬಂದವು. ನಾಲ್ಕನೆಯ ಪಟ್ಟಿ ಬರೆಯುವ ಹೊತ್ತಿಗೆ ಜಿನ್ನಿನ ಹಿಂದೆ ಜೋಪಡಿಗಳು ಎದ್ದಿದ್ದವು. ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವರು, ಶಕ್ತಿನಗರಕ್ಕೆ ಲಾರಿ ಹತ್ತಿ ಹೋಗಿ ಕಲ್ಲು ಕಾಂಕ್ರೀಟು ಮಾಡುವವರು. ಎಲ್ಲರೂ ದೇವದುರ್ಗ ಮತ್ತು ಮಾನ್ವಿ ತಾಲೂಕಿನ ಹಳ್ಳಿಗಳಿಂದ ಬಂದವರು. ಬಂದು ನಾಲ್ಕು ವರ್ಷವಾಗಿತ್ತು.

ಗಣತಿಯ ಫಾರಮಿನಲ್ಲಿ 'ಸಾಮಾನ್ಯವಾಗಿ ವಾಸಿಸುವ ಸ್ಥಳ' ಎಂದು ಅಚ್ಚಾಗಿತ್ತು. ಅದನ್ನು ಮನೆಮನೆಗೆ ಬಿಡಿಸಿ ಹೇಳುವುದು ತಡವೆಂದು ನಾನು ನನ್ನದೇ ಒಂದು ಕ್ರಮ ಮಾಡಿಕೊಂಡಿದ್ದೆ. ಹೆಸರೇನು, ತಂದೆ ಅಥವಾ ಗಂಡ ಯಾರು, ವಯಸ್ಸೆಷ್ಟು, ಯಾವೂರು. ನಾಲ್ಕು ಪ್ರಶ್ನೆ, ಒಂದು ಮನೆಗೆ ಎರಡು ನಿಮಿಷ.

ಜೋಪಡಿಯವರು ಒಬ್ಬರೂ ಸುಳ್ಳು ಹೇಳಲಿಲ್ಲ.

"ಯಾವೂರು?"

"ನಮ್ದು ದೇವದುರ್ಗ ಕಡಿ ರೀ."

"ನಿಮ್ಮದು?"

"ಮಾನ್ವಿ ತಾಲೂಕ ರೀ ಮಾಸ್ತರ. ಕವಿತಾಳದಿಂದ ಒಳಗ ಹೋಗಬೇಕು."

ದೇವದುರ್ಗದವರು ದೇವದುರ್ಗದ ಪಟ್ಟಿಯಲ್ಲಿರಬೇಕು ಎಂದು ಪ್ರತಿಯೊಂದು ಮನೆಯ ಮುಂದೆ 'ಹೊರಗಿನವರು' ಎಂದು ಬರೆದು ಅಡ್ಡಗೀಟು ಹಾಕಿದೆ. ಎಲ್ಲ ಗಣತಿದಾರರಿಗಿಂತ ಮೂರು ದಿನ ಮೊದಲೇ ಮುಗಿಸಿದೆ. ಸಭೆಯಲ್ಲಿ ನನ್ನ ಹೆಸರು ಹೇಳಿ ಮೆಚ್ಚಿದರು. ಕರಡು ಪಟ್ಟಿ ಅಚ್ಚಾಗಿ ಶಾಲೆಯ ಗೋಡೆಗೆ ಅಂಟಿತು. ಜೋಪಡಿಯವರಲ್ಲಿ ಓದಬಲ್ಲವರು ಇರಲಿಲ್ಲ. ಯಾರೂ ಬಂದು ನೋಡಲಿಲ್ಲ.

ಆಮೇಲೆ ಆದೇಶ ಬಂತು. ಜೋಪಡಿಗಳಿದ್ದ ಜಾಗ ಜಿನ್ನಿನವರ ಹೊಸ ಗೋದಾಮುಗಳಿಗೆ ಬೇಕಾಗಿತ್ತು. ತೆರವು ಮಾಡಿಸಿ, ಆ ಭಾಗದ ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಕುಟುಂಬಗಳಿಗೆ ಮಾನ್ವಿ ರಸ್ತೆಯ ಬದಿಗೆ ಒಂದೊಂದು ಜಾಗ ಕೊಡುವುದೆಂದು ತೀರ್ಮಾನವಾಯಿತು. ಪಟ್ಟಿಯಲ್ಲಿ ಇಲ್ಲದವರು ಅತಿಕ್ರಮಣಕಾರರು.

ಆ ಕೊನೆಯ ವಾರದ ಸೋಮವಾರ ಮೇಸ್ತ್ರಿ ಹತ್ತು ಜನರನ್ನು ಕರೆದುಕೊಂಡು ಶಾಲೆಗೆ ಬಂದ. ಮೀಸೆ ಹುರಿ ಮಾಡಿದ ಗಟ್ಟಿ ಆಳು. ಜೋಪಡಿಯಲ್ಲಿ ಅವನ ಮಾತೇ ಕಾಯಿದೆ.

"ನಮ್ಮ ಹೆಸರಾ ಇಲ್ಲಂತಲ್ರಿ ಮಾಸ್ತರ."

"ನಿಮ್ಮ ಊರು ದೇವದುರ್ಗ ಅಂತ ನೀವೇ ಹೇಳಿದಿರಿ."

"ಊರು ಅದ ರೀ. ಇರೋದು ಇಲ್ಲಿ."

"ಊರಲ್ಲಿ ಹೆಸರಿದ್ದರೆ ಇಲ್ಲಿ ಸೇರಿಸಲು ಬರುವುದಿಲ್ಲ. ಎರಡು ಕಡೆ ಇದ್ದರೆ ಅಪರಾಧ" ಎಂದೆ. ನಾನು ಹೇಳಿದ್ದು ನಿಯಮವೇ. ಆದರೆ ಅವನು ಅಲ್ಲೇ ಕೂತುಬಿಟ್ಟ. ಹತ್ತೂ ಜನ ಕೂತರು. ಮಕ್ಕಳು ಪಾಠ ಬಿಟ್ಟು ಅವರನ್ನೇ ನೋಡತೊಡಗಿದರು.

ಮಂಗಳವಾರ ರಜೆ ಹಾಕಿ ದೇವದುರ್ಗದ ಬಸ್ಸು ಹತ್ತಿದೆ. ಅವರಿಗೆ ಸಹಾಯ ಮಾಡಲು ಹೋದೆನೆಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಬರೆದದ್ದು ಸರಿ ಎಂಬುದಕ್ಕೆ ಆಧಾರ ತರಲು ಹೋಗಿದ್ದೆ. ಅವರ ಹಳ್ಳಿಯಲ್ಲಿ ಅರ್ಧ ಓಣಿಯ ಬಾಗಿಲುಗಳಿಗೆ ಜಾಲಿಮುಳ್ಳಿನ ಟೊಂಗೆ ಅಡ್ಡ ಬಿದ್ದಿತ್ತು. ಗುಳೆ ಹೋದವರ ಮನೆಗಳು. ಅಲ್ಲಿಯ ಗಣತಿದಾರ ನನ್ನಂತೆಯೇ ಮಾಸ್ತರ. ತನ್ನ ಪಟ್ಟಿ ತೆಗೆದು ತೋರಿಸಿದ. ಕೆಂಪು ಮಸಿಯ ಗೀಟುಗಳು ಒಂದರ ಕೆಳಗೊಂದು.

"ಇವರನ್ನೆಲ್ಲ ಯಾಕೆ ಹೊಡೆದಿರಿ?" ಎಂದು ಕೇಳಿದೆ.

"ಮತ್ತ? ಎಲ್ಲಿ ಅದಾರ ಅಂತ ಕೇಳ್ದೆ. ರಾಯಚೂರಾಗ ಅದಾರ ಅಂದ್ರು. ರಾಯಚೂರಾಗ ಇದ್ದವ್ರನ್ನ ಇಲ್ಲಿ ಇಟ್ಕೊಂಡು ನಾ ಏನು ಮಾಡ್ಲಿ?" ಚಹಾ ತರಿಸಿದ. "ನೀವೇನಂತ ಕೇಳಿದ್ರಿ?"

ಚಹಾ ಕುಡಿದು ಎದ್ದೆ. ಬುಧವಾರ ಮಾನ್ವಿಗೆ ಹೋಗಿ, ಅಲ್ಲಿಂದ ಕವಿತಾಳದ ಆಚೆಗಿನ ಹಳ್ಳಿಗೂ ಹೋಗಿ ಬಂದೆ. ಅಲ್ಲಿಯೂ ಗೀಟುಗಳೇ. ಅಲ್ಲಿಯ ಮಾಸ್ತರರು 'ಎಲ್ಲಿ ಅದಾರ' ಎಂದು ಕೇಳಿ ಹೊಡೆದರು. ನಾನು 'ಯಾವೂರು' ಎಂದು ಕೇಳಿ ಹೊಡೆದೆ. ಆ ಜನ ಎರಡು ಕಡೆಯೂ ನಿಜ ಹೇಳಿ ಎರಡು ಕಡೆಯೂ ಇಲ್ಲವಾಗಿದ್ದರು.

ಗುರುವಾರ ಬೆಳಿಗ್ಗೆ ಶಿರಸ್ತೇದಾರರ ಮುಂದೆ ನಿಂತು ತಪ್ಪು ನನ್ನದೆಂದು ಹೇಳಿದೆ. ಅವರು ಸಿಟ್ಟಾಗಲಿಲ್ಲ.

"ಇನ್ನ ಎರಡು ದಿನ ಅದ. ಒಬ್ಬೊಬ್ಬರಿಂದ ಅರ್ಜಿ ಬರಿಸ್ರಿ. ಶನಿವಾರ ಮುಂಜಾನಿ ನಾ ಬರ್ತೀನಿ. ಆದ್ರ ಮಾಸ್ತರ, ಪ್ರತಿ ಅರ್ಜಿಗಿ ಅನುಮೋದಕರು ಬೇಕು. ಅದೇ ಭಾಗದ ಪಟ್ಟಿಯಾಗ ಈಗಾಗಲೇ ಹೆಸರಿದ್ದವ್ರು, ಈ ಮನುಷ್ಯಾನ್ನ ನಾ ಬಲ್ಲೆ ಅಂತ ಸಹಿ ಹಾಕಬೇಕು. ಜೋಪಡ್ಯಾಗ ಒಬ್ಬರರ ಉಳದಾರೇನು ಪಟ್ಟಿಯಾಗ?"

"ಇಲ್ಲ" ಎಂದೆ.

ಎರಡು ದಿನ ಆ ಸಹಿಗಾಗಿ ತಿರುಗಿದೆ. ರೈಲ್ವೆ ಕ್ವಾರ್ಟರ್ಸಿನವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. "ನಾಳೆ ಏನರ ಆದ್ರ ನಮ್ಮ ಸಹಿ ಹಿಡಕೊಂಡು ನಮ್ಮನ್ನ ಎಳೀತಾರ ರೀ." ಬಂಡಿ ಹೊಡೆಯುವವರಿಗೆ ಗೋದಾಮು ಬಂದರೆ ಕೆಲಸ. ಅವರಿಗೆ ಜೋಪಡಿ ಹೋಗುವುದೇ ಬೇಕಿತ್ತು. ಒಬ್ಬ ಕಿರಾಣಿ ಅಂಗಡಿಯವನು ಗುರುವಾರ ಒಪ್ಪಿ, ಶುಕ್ರವಾರ ಬೆಳಿಗ್ಗೆ ನನ್ನನ್ನು ಕಂಡ ಕೂಡಲೇ ತಕ್ಕಡಿಯ ಹಿಂದೆ ಸರಿದು ನಿಂತ. ಜಿನ್ನಿನವರು ಹೇಳಿ ಕಳಿಸಿದ್ದರಂತೆ.

ಶುಕ್ರವಾರ ಮಧ್ಯಾಹ್ನ ಶಾಲೆಯ ಗೋಡೆಯ ಮುಂದೆ ನಿಂತು ಕರಡು ಪಟ್ಟಿಯನ್ನು ಮೊದಲಿನಿಂದ ಬೆರಳಿಟ್ಟು ಓದಿದೆ. ಕೊನೆಯ ಪುಟದ ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. ಹುಲಿಗೆಮ್ಮ. ತಂದೆ ತಿಮ್ಮಪ್ಪ. ಮನೆ: ಜಿನ್ನಿನ ಹಿಂದಿನ ಜೋಪಡಿ. ವಯಸ್ಸು ನಲವತ್ತು.

ಬರೆದವನು ನಾನೇ. ಆಗ ನೆನಪಾಯಿತು. ಸಾಲಿನ ಕೊನೆಯ ಜೋಪಡಿ. ಯಾವೂರು ಎಂದು ಕೇಳಿದ್ದಕ್ಕೆ ಆಕೆ, "ನನಗ್ಯಾವೂರು ರೀ ಮಾಸ್ತರ. ಇದಾ" ಎಂದಿದ್ದಳು.

ಮೇಸ್ತ್ರಿಯನ್ನು ಕರೆಸಿ ಕೊನೆಯ ಜೋಪಡಿಯಾಕೆ ಯಾರೆಂದು ಕೇಳಿದೆ. ಅವನ ಮುಖ ಕಹಿಯಾಯಿತು.

"ಅಕೀನಾ? ಊರಗೇಡಿ ರೀ ಅಕಿ."

ಕಥೆ ಇಷ್ಟು. ಮೇಸ್ತ್ರಿಯ ಹಳ್ಳಿಯಲ್ಲಿ ಒಂದು ವರ್ಷ ಕುರಿಹಟ್ಟಿಗಳಿಗೆ ರೋಗ ಬಿತ್ತು. ಗಂಡ ಸತ್ತು ತವರಿಗೆ ಬಂದಿದ್ದ ಈ ಹೆಂಗಸಿನ ಕಣ್ಣು ತಗುಲಿತೆಂದು ಊರಿಂದ ಹೊರಗೆ ಹಾಕಿದರು. ಆಕೆ ನಡೆದು ರಾಯಚೂರಿಗೆ ಬಂದು ಜಿನ್ನಿನಲ್ಲಿ ಅರಳೆ ಆರಿಸುವ ಕೆಲಸಕ್ಕೆ ನಿಂತು, ಹಿಂದಿನ ಬಯಲಿನಲ್ಲಿ ಮೊದಲ ಜೋಪಡಿ ಹಾಕಿದಳು. ಆಮೇಲೆ ಅದೇ ಹಳ್ಳಿಯವರು ಗುಳೆ ಬಂದು, ಆಕೆಯ ಜೋಪಡಿ ಸಾಲಿನ ಕೊನೆಯದಾಗುವಂತೆ ತಮ್ಮ ಸಾಲು ಹಾಕಿದರು. ಹಳ್ಳಿಯ ಮಾತೂ ಅವರೊಂದಿಗೆ ಬಂತು, ಮಾನ್ವಿ ಕಡೆಯವರೂ ಅದನ್ನೇ ನಂಬಿದರು. ಬೋರಿಂಗಿನ ಹತ್ತಿರ, ಎಲ್ಲರ ಕೊಡ ತುಂಬಿದ ಮೇಲೆಯೇ ಆಕೆ ಕೈಪಂಪು ಮುಟ್ಟಬೇಕು. ಆಕೆ ಮುಟ್ಟಿದ ಮೇಲೆ ಯಾರಾದರೂ ಬಂದರೆ ಹಿಡಿಕೆ ತೊಳೆದು ಹೊಡೆಯುತ್ತಿದ್ದರು.

"ಆಕೆಯ ಹೆಬ್ಬೆಟ್ಟಿಲ್ಲದೆ ನಿಮಗೆ ಜಾಗವಿಲ್ಲ" ಎಂದೆ.

ಮೇಸ್ತ್ರಿ ನೆಲ ನೋಡಿದ. "ಬ್ಯಾರೆ ದಾರಿ ನೋಡ್ರಿ ಮಾಸ್ತರ."

"ಬೇರೆ ದಾರಿ ಇಲ್ಲ."

ಜಿನ್ನು ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತೆ. ತಲೆ, ಹುಬ್ಬುಗಳ ಮೇಲೆಲ್ಲ ಹತ್ತಿಯ ದೂಳು ಹೊತ್ತು ಆಕೆ ಹೊರಗೆ ಬಂದಳು. ವಿಷಯ ಹೇಳಿದೆ. ಆಕೆ ನಗಲಿಲ್ಲ, ಸಿಟ್ಟಾಗಲೂ ಇಲ್ಲ.

"ಇವರು ನನಗ ಬೋರಿಂಗ್ ಕೊಟ್ಟಿಲ್ಲ. ನಾ ಇವರಿಗಿ ಊರು ಕೊಡಬೇಕಾ?"

ಹಾಗೆಂದು ಬಹಳ ಹೊತ್ತು ಸೆರಗಿನ ದೂಳು ಝಾಡಿಸಿದಳು.

"ಬರ್ತೀನಿ. ಆದ್ರ ಒಂದು ಮಾತು. ಹೆಬ್ಬೆಟ್ಟು ಬೇಕಂದವ್ರು ಒಬ್ಬೊಬ್ಬರಾಗಿ ನನ್ನ ಹೆಸರು ಹಿಡಿದು ಕರೀಬೇಕು. ಮಂದಿ ಮುಂದ."

ಹೀಗೆ ನಾವು ಶನಿವಾರ ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಸೇರಿದ್ದೆವು.

ಶಿರಸ್ತೇದಾರರು ಜೀಪಿನಿಂದ ಇಳಿದು ಅರ್ಜಿಗಳ ಕಟ್ಟು ನೋಡಿದರು, ಆಕೆಯ ಹೆಸರನ್ನು ಪಟ್ಟಿಯಲ್ಲಿ ನೋಡಿದರು, ಕ್ರಮ ಸರಿಯಾಗಿದೆ ಎಂದರು. ಆಮೇಲೆ ಒಂದು ಟೈಪು ಮಾಡಿದ ಹಾಳೆ ಕೊಟ್ಟರು. ಜಾಗ ಹಂಚಿಕೆಯ ಪೂರ್ಣ ಆದೇಶ.

"ಈ ಮನಿಗೋಳು ನಿಮಗ ಗೊತ್ತವ. ಹೆಸರು ಸೇರಿಸೋದು ಮುಗಿದ ಮ್ಯಾಲ, ಇದರ ಪ್ರಕಾರ ಕುಟುಂಬದ ಪಟ್ಟೀನೂ ನೀವೇ ಮಾಡಿ ಕೊಟ್ಟುಬಿಡ್ರಿ. ಆರೂವರಿಗಿ ಎರಡೂ ನನ್ನ ಟೇಬಲ್ ಮ್ಯಾಲ ಇರಬೇಕು." ಜೀಪು ಹೋಯಿತು.

ನಿಂತಲ್ಲೇ ಓದಿದೆ. ಮೂರನೆಯ ಕಲಮು: ಕುಟುಂಬವೆಂದರೆ ಇಬ್ಬರು ಅಥವಾ ಹೆಚ್ಚು ಸದಸ್ಯರು. ಒಂಟಿ ವ್ಯಕ್ತಿಯನ್ನು ಕುಟುಂಬವೆಂದು ಪರಿಗಣಿಸತಕ್ಕದ್ದಲ್ಲ.

ಆ ಸಾಲಿನಲ್ಲಿ ಒಂಟಿ ಎಂದರೆ ಆಕೆ ಒಬ್ಬಳೇ.

ಆಕೆ ಹತ್ತು ಮಾರು ದೂರದಲ್ಲಿ ಕುಳಿತಿದ್ದಳು. ಹತ್ತಿರ ಹೋಗಿ ಓದಿ ಹೇಳಬಹುದಿತ್ತು. ಹೇಳಿದ್ದರೆ ಆಕೆ ಎದ್ದು ಜಿನ್ನಿಗೆ ಹೋಗುತ್ತಿದ್ದಳು, ಹಾಗೆ ಹೋಗಲು ಆಕೆಗೆ ಹಕ್ಕಿತ್ತು. ಅರವತ್ತೆಂಟು ಅರ್ಜಿಗಳು ಬರೀ ಕಾಗದವಾಗಿ ಉಳಿಯುತ್ತಿದ್ದವು, ನನ್ನ ತಪ್ಪು ತಪ್ಪಾಗಿಯೇ ಅಚ್ಚಾಗುತ್ತಿತ್ತು. ಯಾರೂ ನನಗೆ ಮುಚ್ಚಿಡೆಂದು ಹೇಳಲಿಲ್ಲ. ಹಾಳೆಯನ್ನು ಮೂರನೆಯ ಕಲಮು ಒಳಗೆ ಹೋಗುವಂತೆ ಮಡಚಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಶಾಲೆಯಿಂದ ತಂದ ಮೇಜು ಹಾಕಿಸಿ, ಮಸಿಯ ಪ್ಯಾಡು ತೆರೆದು, ಆಕೆಯನ್ನು ಎಡಗಡೆ ಕೂರಿಸಿದೆ.

"ಮೊದಲನೆಯವರು ಬರ್ರಿ."

ಮೊದಲು ಬಂದವಳು ಒಬ್ಬ ಮುದುಕಿ.

"ನಿನ್ನನ್ನು ಅನುಮೋದಿಸುವವರ ಹೆಸರೇನು?"

ಮುದುಕಿ ಬಾಯಿ ತೆರೆದು, "ಊರಗೇ..." ಎಂದು ಅಲ್ಲಿಗೇ ನಿಂತಳು. ಹಿಂದೆ ತಿರುಗಿ ನೋಡಿದಳು. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ನನಗೆ ಗೊತ್ತಾಯಿತು, ಅದು ಹಟವಲ್ಲ. ಆಕೆಯ ಹೆಸರು ಅವರಿಗೆ ನೆನಪೇ ಇರಲಿಲ್ಲ.

"ಯಾಕ ಯವ್ವಾ, ನಿಲ್ಲಿಸಿದಿ?" ಎಂದಳು ಆಕೆ. "ಬೋರಿಂಗ್ ಕಟ್ಟಿ ಮ್ಯಾಲ ದಿನಾ ಕರೀತಿದ್ದಿ. ಅದನ್ನಾ ಬರಕೋರಿ ಮಾಸ್ತರ."

ಪಟ್ಟಿ ತೆಗೆದು ಒಂದು ಸಲ ಗಟ್ಟಿಯಾಗಿ ಓದಿದೆ. ಹುಲಿಗೆಮ್ಮ, ತಂದೆ ತಿಮ್ಮಪ್ಪ. ಹಿಂದಿನಿಂದ ಯಾರೋ, "ತಿಮ್ಮಪ್ಪನ ಮಗಳಾ?" ಎಂದು ಮೆಲ್ಲಗೆ ಅಂದರು. ಮುದುಕಿ ಹೇಳಿದಳು, "ಹುಲಿಗೆವ್ವ." ಆಕೆ ಹೆಬ್ಬೆಟ್ಟು ಒತ್ತಿದಳು.

ಕೆಲಸ ನಾನು ಅಂದುಕೊಂಡದ್ದಕ್ಕಿಂತ ನಿಧಾನವಾಯಿತು. ಹತ್ತಿಕಾಯಿಯ ಸಿಪ್ಪೆ ತಾಗಿ ಆಕೆಯ ಹೆಬ್ಬೆಟ್ಟು ಸವೆದಿತ್ತು, ಗೆರೆ ಮೂಡುತ್ತಿರಲಿಲ್ಲ. ಮೂಡದ ಗುರುತು ತಿರಸ್ಕಾರವಾಗುತ್ತದೆ. ಪ್ರತಿ ಸಲ ಬಟ್ಟೆಯಲ್ಲಿ ಒರೆಸಿ, ಮಸಿ ತೆಳ್ಳಗೆ ಹಚ್ಚಿ, ನಾನೇ ಆಕೆಯ ಬೆರಳು ಹಿಡಿದು ಎಡದಿಂದ ಬಲಕ್ಕೆ ಉರುಳಿಸಬೇಕಾಯಿತು. ಇಪ್ಪತ್ತನೆಯ ಅರ್ಜಿಯ ಹೊತ್ತಿಗೆ ಪ್ಯಾಡು ಒಣಗಿತು, ಎರಡು ಹನಿ ನೀರು ಹಾಕಿದೆ. ಮಸಿ ಹರಡಿ ನಾಲ್ಕು ಅರ್ಜಿ ಕೆಟ್ಟವು, ಮತ್ತೆ ಬರೆದೆ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ, ಯಾರನ್ನೂ ಏಳಗೊಡಲಿಲ್ಲ.

ಆಕೆ ಪ್ರತಿಯೊಬ್ಬರನ್ನೂ ಮಾತಾಡಿಸಿಯೇ ಒತ್ತುತ್ತಿದ್ದಳು.

"ಬಾರವ್ವ, ನನ್ನ ಕೊಡ ಒಡದಾಕಿ. ಹೇಳು."

"ಹುಲಿಗೆವ್ವ."

"ಕೇಳಿಸಲಿಲ್ಲ."

"ಹುಲಿಗೆವ್ವ."

"ಕೊಡ ಒಡೆವಾಗ ಧ್ವನಿ ಜೋರಿತ್ತಲ್ಲ."

ಒಬ್ಬ ಮುದುಕ ಗಾಬರಿಯಲ್ಲಿ 'ಹುಲಿಯಪ್ಪ' ಎಂದ. ಸಾಲೆಲ್ಲ ನಕ್ಕಿತು. ಆಕೆಯೂ ನಕ್ಕಳು. ಆ ದಿನದಲ್ಲಿ ಅದೊಂದೇ ಸಲ.

ಮೂರು ಗಂಟೆಯ ಸುಮಾರಿಗೆ ಬೆರಳು ಒರೆಸಿಕೊಳ್ಳುತ್ತ ನನ್ನನ್ನು ಕೇಳಿದಳು. "ಮಾಸ್ತರ, ಅಲ್ಲಿ ನನ್ನ ಜಾಗ ಯಾರ ಬಾಜೂಕ ಬರ್ತದ?"

"ನಿನ್ನ ಹೆಸರು ಎಲ್ಲರಿಗಿಂತ ಮೊದಲೇ ಪಟ್ಟಿಯಲ್ಲಿದೆ" ಎಂದೆ.

"ಹಂಗಾದ್ರ ಬೋರಿಂಗ್ ಹತ್ರ ಕೊಡಸ್ರಿ. ಕೊನೀಗಿ ಬ್ಯಾಡ."

ಮುಂದಿನ ಅರ್ಜಿ ಎಳೆದುಕೊಂಡೆ. ನಾನು ಹೇಳಿದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದನ್ನು ಹಾಗೆ ಕೂಡಿಸಲು ನನಗೆ ಕ್ಷಣವೂ ಬೇಕಾಗಲಿಲ್ಲ.

ಮೇಸ್ತ್ರಿ ಕೊನೆಯವನಾಗಿ ಬಂದ. ನಾಲ್ಕೂ ನಲವತ್ತು.

"ಅನುಮೋದಿಸುವವರ ಹೆಸರು?"

ಅವನು ನನ್ನ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದ. ಆಕೆ ಕೈ ಮಡಿಲಲ್ಲಿಟ್ಟುಕೊಂಡಳು.

"ನನ್ನ ನೋಡಿ ಹೇಳ್ಲಿ. ಕುರಿ ಸತ್ತ ದಿನ ನನ್ನ ಮುಖ ನೋಡಿನಾ ಹೇಳಿದ್ದಲ್ಲ, ಹೊಂಡು ಅಂತ."

ನಾಲ್ಕೂ ನಲವತ್ತೈದು ಆಯಿತು. ಅವನ ಹೆಂಡತಿ ಹಿಂದಿನಿಂದ, "ಹೇಳ್ರಿ, ಹೊತ್ತಾಗಾಕತ್ತದ" ಎಂದಳು. ಮೇಸ್ತ್ರಿ ಆಕೆಯ ಕಡೆ ತಿರುಗಿದ. "ಹುಲಿಗೆಮ್ಮ" ಎಂದ. ಪಟ್ಟಿಯಲ್ಲಿದ್ದಂತೆ, ಪೂರ್ತಿ. ಆಕೆ ಬೆರಳು ಮುಂದೆ ಚಾಚಿದಳು. ಅರವತ್ತೆಂಟನೆಯ ಗುರುತು ಎಲ್ಲಕ್ಕಿಂತ ಸ್ಪಷ್ಟವಾಗಿ ಮೂಡಿತು.

ಐದಕ್ಕೆ ಕಟ್ಟು ಕಟ್ಟಿ ಅರಗಿನ ಮುದ್ರೆ ಒತ್ತಿದೆ. ಆಮೇಲೆ ಜೇಬಿನ ಹಾಳೆ ತೆಗೆದು ಕುಟುಂಬದ ಪಟ್ಟಿಗೆ ಕೂತೆ. ಮೇಸ್ತ್ರಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮನೆಮನೆಯ ತಲೆ ಎಣಿಸಿ ಹೇಳಿದ, ನಾನು ಬರೆದೆ. ಕೊನೆಯ ಜೋಪಡಿಗೆ ಬಂದಾಗ ಲೇಖನಿ ಕೆಳಗಿಟ್ಟೆ. ಆಕೆ ದೂರದಲ್ಲಿದ್ದಳು. ಮೂರನೆಯ ಕಲಮನ್ನು ಮೇಸ್ತ್ರಿಗೆ ಹೇಳಿದೆ.

"ಯಾರಾದರೂ ತಮ್ಮ ಮನೆಯ ಲೆಕ್ಕದಲ್ಲಿ ಆಕೆಯನ್ನು ಸೇರಿಸಿಕೊಂಡರೆ ನಿಯಮಕ್ಕೆ ಅಡ್ಡಿಯಿಲ್ಲ. ಅತ್ತೆ ಅನ್ನಿ, ಅಕ್ಕ ಅನ್ನಿ. ನಿನ್ನ ಮನೆಯಲ್ಲೇ ಬರೆಯಲೇ?"

ಅವನು ಯೋಚಿಸಲಿಲ್ಲ. "ಹೆಸರು ಕರದ್ವಿ. ಸಾಕು ಮಾಸ್ತರ."

"ಬೇರೆ ಯಾರನ್ನಾದರೂ ಕೇಳು."

ಎದ್ದು ಹೋಗಿ ನಾಲ್ಕೈದು ಗಂಡಸರ ಜೊತೆ ಮಾತಾಡಿ ಬಂದ. ಅವರು ನನ್ನ ಕಡೆ ನೋಡಲಿಲ್ಲ. "ಯಾರೂ ಒಲ್ಲರಂತ" ಎಂದು ಮತ್ತೆ ಕುಕ್ಕರಿಸಿದ. "ಅಕಿ ಕಣ್ಣು ಅಲ್ಲಿಗೂ ಬ್ಯಾಡ ಬಿಡ್ರಿ."

ಕೈಪಂಪಿನ ಸದ್ದು ಕೇಳಿ ತಲೆಯೆತ್ತಿದೆ. ಬೋರಿಂಗಿನ ಬಳಿ ಹೆಂಗಸರು ಕೊಡ ಹಿಡಿದು ಸರಿದು ನಿಂತಿದ್ದರು. ಆಕೆ ಎಲ್ಲರಿಗಿಂತ ಮೊದಲು ಬಾಗಿ ಹೆಬ್ಬೆಟ್ಟಿನ ಮಸಿ ತೊಳೆಯುತ್ತಿದ್ದಳು. ಹಿಡಿಕೆ ಹೊಡೆಯುತ್ತಿದ್ದವಳು ಬೆಳಿಗ್ಗೆಯ ಮುದುಕಿ. ಮಸಿ ಬೇಗ ಹೋಗುವಂಥದ್ದಲ್ಲ. ಆಕೆ ಇಟ್ಟಿಗೆ ಚೂರಿನಿಂದ ತಿಕ್ಕುತ್ತಲೇ ನನ್ನ ಕಡೆ ಕೂಗಿದಳು.

"ಮಾಸ್ತರ, ಅದರಾಗೂ ನನ್ನ ಹೆಸರು ಸರಿ ಬರದೀರಿಲ್ಲ?"

"ಸರಿಯಾಗಿ ಬರೆದಿದ್ದೇನೆ" ಎಂದೆ.

ಹಾಗೆಂದ ಮೇಲೆ ಬರೆದೆ. ಹುಲಿಗೆಮ್ಮ, ತಂದೆ ತಿಮ್ಮಪ್ಪ. ಸದಸ್ಯರು: ಒಂದು. ಷರಾ: ಒಂಟಿ, ಅನರ್ಹ. ಕಾಗುಣಿತದ ಒಂದು ತಪ್ಪೂ ಇರಲಿಲ್ಲ. ಅದರ ಕೆಳಗೆ ಅಳತೆಪಟ್ಟಿ ಇಟ್ಟು ಎರಡು ಗೆರೆ ಎಳೆದು, ಸಹಿ ಮಾಡಿ, ಸೈಕಲ್ಲಿನ ಕ್ಯಾರಿಯರಿಗೆ ಎರಡೂ ಕಟ್ಟು ಬಿಗಿದು ಹೊರಟೆ. ತಹಸೀಲು ಕಚೇರಿಯಲ್ಲಿ ಶಿರಸ್ತೇದಾರರು ಎಣಿಸಿ ತೆಗೆದುಕೊಂಡು ಪಾವತಿ ಚೀಟಿ ಕೊಟ್ಟರು. ಅದರಲ್ಲಿ ವೇಳೆ ಬರೆದಿರಲಿಲ್ಲ. ಕೇಳಿ ಬರೆಸಿಕೊಂಡೆ: ಆರು ಗಂಟೆ ಇಪ್ಪತ್ತು ನಿಮಿಷ.